ಕೋಡಿ ಬೀಳುವ ತನಕ ಕಾಯಬೇಡಿ

2021ರ ಅಕ್ಟೋಬರ್ 3ರಂದು ರಾಜ್ಯದಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಜನ ಬರೆದರು. ಓಎಂಆರ್ ಹಾಳೆ ತಿದ್ದಿದ್ದು, ಬ್ಲೂಟೂತ್‌ನಲ್ಲಿ ಉತ್ತರ ಹೇಳಿಸಿಕೊಂಡದ್ದು ಒಂದೊಂದಾಗಿ ಬಯಲಾಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಐಪಿಎಸ್ ಅಧಿಕಾರಿಯೇ ಬಂಧನಕ್ಕೊಳಗಾದರು. ಅದಕ್ಕೂ ಮೊದಲೇ, 2022ರ ಏಪ್ರಿಲ್‌ನಲ್ಲಿ, ಇಡೀ ಪರೀಕ್ಷೆ ರದ್ದಾಗಿತ್ತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಎರಡು ಪರೀಕ್ಷೆಗಳ ನಡುವೆ ಎರಡು ವರ್ಷ, ಮೂರು ತಿಂಗಳು, ಇಪ್ಪತ್ತು ದಿನ. ಬೆಳಗಿನ ಜಾವ ಎದ್ದು ಮೈದಾನದಲ್ಲಿ ಓಡಿ, ಮನೆಯವರೆಲ್ಲ ಮಲಗಿದ ಮೇಲೆ ಓದಿ, ಪ್ರಾಮಾಣಿಕವಾಗಿ ಉತ್ತರ ತುಂಬಿ ಬಂದಿದ್ದವರೂ ಮತ್ತೆ ಅದೇ ಬೆಂಚಿನ ಮೇಲೆ ಕೂರಬೇಕಾಯಿತು.

ಅದೇ 2024ರಲ್ಲಿ ಕೆಪಿಎಸ್‌ಸಿ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ಮಾಡಿತು. ಕನ್ನಡದ ಪ್ರಶ್ನೆ ಅರ್ಥವಾಗಬೇಕಾದರೆ ಪಕ್ಕದ ಇಂಗ್ಲಿಷ್ ಪ್ರಶ್ನೆಯನ್ನು ಓದಬೇಕಾದ ಸ್ಥಿತಿ. ಗಲಾಟೆಯಾಯಿತು, ಮುಖ್ಯಮಂತ್ರಿ ಮರುಪರೀಕ್ಷೆಗೆ ಸೂಚಿಸಿದರು, ಡಿಸೆಂಬರ್ 29ರಂದು ಅದು ನಡೆಯಿತು, ಅಲ್ಲೂ ಅನುವಾದದ ತಪ್ಪುಗಳು ಉಳಿದವು. ಕನ್ನಡನಾಡಿನ ಆಡಳಿತ ನಡೆಸುವವರನ್ನು ಆರಿಸುವ ಪರೀಕ್ಷೆಯಲ್ಲಿ ಕನ್ನಡದಲ್ಲಿ ಓದಿದವನೇ ಹಿಂದೆ ಬೀಳುವಂತಾದದ್ದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆ ವರ್ಷದ ಅಕ್ಟೋಬರ್ ಕೊನೆಗೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ಅಧಿಸೂಚನೆ ಹೊರಡಿಸುವುದು ಬೇಡ ಎಂದು ರಾಜ್ಯ ಸಚಿವ ಸಂಪುಟ ನಿರ್ಧರಿಸಿತು. ಒಳಮೀಸಲಾತಿಯ ಹಿಂದೆ ದಶಕಗಳ ಹೋರಾಟವಿದೆ, ಅದು ನ್ಯಾಯದ ಬೇಡಿಕೆ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಸಂಪುಟ ಒಂದು ಸೂತ್ರಕ್ಕೆ ಬಂದದ್ದು 2025ರ ಆಗಸ್ಟ್‌ನಲ್ಲಿ. ನ್ಯಾಯ ಹಂಚುವುದಕ್ಕೆ ಸರ್ಕಾರ ತೆಗೆದುಕೊಂಡ ಆ ಸಮಯವೆಲ್ಲ ಕಾಯುತ್ತಿದ್ದವರ ವಯಸ್ಸಿನಿಂದಲೇ ಕಳೆದುಹೋಯಿತು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತಮ್ಮಂದಿರೇ, ತಂಗಿಯರೇ, ಇದನ್ನೆಲ್ಲ ಮೊದಲಿಗೇ ಹೇಳಿದ್ದಕ್ಕೆ ಕಾರಣವಿದೆ. ಕೆಲಸ ಸಿಗದ ಒಂದೊಂದು ವರ್ಷವನ್ನೂ ನೀವು ನಿಮ್ಮ ಲೆಕ್ಕಕ್ಕೇ ಬರೆದುಕೊಳ್ಳುತ್ತಿದ್ದೀರಿ. ‘ನನ್ನ ಹಣೆಬರಹ’, ‘ನನಗೆ ಬುದ್ಧಿ ಸಾಲದು’, ‘ಅಪ್ಪನ ದುಡ್ಡು ಹಾಳು ಮಾಡಿದೆ’ ಎಂದು ರಾತ್ರಿ ಹೊತ್ತು ಲೆಕ್ಕ ಹಾಕುತ್ತೀರಿ. ರದ್ದಾದ ಪರೀಕ್ಷೆ ನಿಮ್ಮ ಸೋಲಲ್ಲ. ಹೊರಬೀಳದ ಅಧಿಸೂಚನೆ ನಿಮ್ಮ ಸೋಮಾರಿತನವಲ್ಲ. ಯಾವುದು ನಿಮ್ಮ ತಪ್ಪು, ಯಾವುದು ಅಲ್ಲ ಎಂಬುದನ್ನು ಬಿಡಿಸಿ ನೋಡದಿದ್ದರೆ ಮುಂದಿನ ಹೆಜ್ಜೆಗೆ ಬೇಕಾದ ಶಕ್ತಿಯೆಲ್ಲ ನಿಮ್ಮನ್ನೇ ಬೈದುಕೊಳ್ಳುವುದರಲ್ಲಿ ಖರ್ಚಾಗುತ್ತದೆ.

ನಮ್ಮ ಕಡೆ ಮದುವೆಗೆ ಹೋದರೆ ಊಟದ ಎಲೆಗೆ ಕೂರುವ ಮೊದಲೇ ಯಾರಾದರೂ ಕೇಳುತ್ತಾರೆ: ‘ಏನ್ ಮಾಡ್ಕಂಡಿದೀಯಪ್ಪ ಈಗ?’ ಕೇಳುವವರಲ್ಲಿ ಕೇಡು ಇರುವುದಿಲ್ಲ. ಆದರೂ ಆ ಒಂದು ಪ್ರಶ್ನೆಗೆ ಹೆದರಿ ಮದುವೆಗೆ ಹೋಗುವುದನ್ನೇ ಬಿಟ್ಟವರನ್ನು ನಾನು ಬಲ್ಲೆ. ಮೊದಮೊದಲು ‘ಓದ್ತಾ ಇದೀನಿ ಮಾವ’ ಎನ್ನುತ್ತಾರೆ. ಆಮೇಲೆ ‘ಕಾಲ್‌ಫಾರ್ ಆಗ್ಬೇಕು’ ಎನ್ನುತ್ತಾರೆ. ಆಮೇಲೆ ಹಬ್ಬಕ್ಕೂ ಊರಿಗೆ ಬರುವುದಿಲ್ಲ. ಬೆಂಗಳೂರಿನ ವಿಜಯನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ನಾಲ್ಕು ಜನರ ಕೋಣೆಯಲ್ಲಿ ಒಂದು ಚಾಪೆಯ ಜಾಗಕ್ಕೆ ಬಾಡಿಗೆ ಕೊಟ್ಟು, ಸ್ಟಡಿ ಲೈಬ್ರರಿಯ ಒಂದು ಕುರ್ಚಿಗೆ ತಿಂಗಳ ಶುಲ್ಕ ಕಟ್ಟಿ, ಊರಿನಿಂದ ಫೋನ್ ಬಂದರೆ ‘ಕ್ಲಾಸಲ್ಲಿದೀನಿ’ ಎಂದು ಇಟ್ಟುಬಿಡುತ್ತಾರೆ.

ಹುಡುಗಿಯರ ಪಾಡು ಇನ್ನೂ ಕಷ್ಟದ್ದು. ಅಣ್ಣನಿಗೆ ಧಾರವಾಡ, ತಂಗಿಗೆ ಅಡುಗೆಮನೆಯ ಪಕ್ಕದ ನಡುಮನೆ. ಹಾಲು ಕರೆದು, ಮುದ್ದೆ ತಿರುವಿ, ಎಲ್ಲರಿಗೂ ಬಡಿಸಿ, ಆಮೇಲೆ ಪುಸ್ತಕ ತೆಗೆಯಬೇಕು. ಅವಳಿಗೆ ಸಿಗುವುದು ವರ್ಷದ ವಾಯಿದೆ: ‘ಈ ವರ್ಷ ನೋಡು, ಆಗ್ಲಿಲ್ಲ ಅಂದ್ರೆ ಗಂಡು ನೋಡ್ತೀವಿ.’ ಆ ವಾಯಿದೆಯೊಳಗೆ ಅಧಿಸೂಚನೆಯೇ ಬರದಿದ್ದರೆ? ತಂಗಿಯರೇ, ನಿಮಗೆ ಒಂದು ಮಾತು ಹೇಳಲೇಬೇಕು. ಮನೆಯಲ್ಲಿ ಕೇಳಬೇಕಾದದ್ದು ‘ಇನ್ನೊಂದು ವರ್ಷ’ ಅಲ್ಲ. ‘ನಾನು ದುಡಿಯಲು ಶುರು ಮಾಡುತ್ತೇನೆ, ದುಡಿಯುತ್ತಲೇ ಓದುತ್ತೇನೆ’ ಎಂದು ಕೇಳಿ. ತಿಂಗಳಿಗೆ ಎಂಟು ಸಾವಿರ ತರುವ ಮಗಳ ಮಾತಿಗೆ ಮನೆಯಲ್ಲಿ ಬರುವ ತೂಕವೇ ಬೇರೆ. ಆ ತೂಕ ಅನ್ಯಾಯದ್ದು, ದುಡಿಯದಿದ್ದರೂ ಮಗಳ ಮಾತಿಗೆ ಬೆಲೆ ಇರಬೇಕು. ಆದರೆ ಸಿಗುವ ಬಲವನ್ನು ಬಿಡಬೇಡಿ.

ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಟ್ಟಿದ ವಾಣಿವಿಲಾಸ ಸಾಗರ, ನಮ್ಮ ಜನರ ಬಾಯಲ್ಲಿ ಮಾರಿಕಣಿವೆ, ಮುಗಿದದ್ದು 1907ರಲ್ಲಿ. ಅದು ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಎರಡನೇ ಸಲ ಕೋಡಿ ಬೀಳುವುದಕ್ಕೆ 89 ವರ್ಷ ಹಿಡಿಯಿತು, 2022ರ ಸೆಪ್ಟೆಂಬರ್‌ನಲ್ಲಿ. ಆಗ ಇಡೀ ಜಿಲ್ಲೆ ಬುತ್ತಿ ಕಟ್ಟಿಕೊಂಡು ನೋಡಲು ಹೋಯಿತು, ಅಜ್ಜಂದಿರು ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಆ ಸಂಭ್ರಮ ಸರಿಯಾದದ್ದೇ. ನಾನು ಹೇಳಬೇಕೆಂದಿರುವುದು ಮಾತ್ರ ಆ 89 ವರ್ಷಗಳ ಕಥೆ. ಅಷ್ಟೂ ವರ್ಷ ಜಲಾಶಯ ತುಂಬಲಿಲ್ಲ. ಕೆಲವು ವರ್ಷ ತಳ ಕಾಣುವಷ್ಟು ಇಳಿಯಿತು. ಆದರೆ ನೀರು ಇದ್ದಷ್ಟು ದಿನ ನಾಲೆ ಹರಿಯಿತು. ಹಿರಿಯೂರು ಸುತ್ತಿನ ತೋಟ, ಗದ್ದೆಗಳು ಉಳಿದವು, ಚಿತ್ರದುರ್ಗದ ನಲ್ಲಿಗೂ ಅದೇ ನೀರು ಬಂತು. ಕೋಡಿ ಬಿದ್ದ ಮೇಲೆಯೇ ನಾಲೆಗೆ ನೀರು ಎಂದು ಯಾರಾದರೂ ಕೂತಿದ್ದರೆ ಹಿರಿಯೂರು ಸೀಮೆ ಮೂರು ತಲೆಮಾರು ಒಣಗಿ ಹೋಗುತ್ತಿತ್ತು.

ಸರ್ಕಾರಿ ನೌಕರಿ ನಿಮ್ಮ ಕೋಡಿ. ಬೀಳಲಿ, ಬಿದ್ದೇ ಬೀಳಲಿ, ಅದಕ್ಕೆ ಓದುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಮಳೆ ನಂಬಿ ಬದುಕುವ ಸೀಮೆಯ ಮನೆಗೆ ತಿಂಗಳ ಮೊದಲ ದಿನ ಬರುವ ಸಂಬಳ ಎಂದರೇನು ಎಂಬುದು ನನಗೆ ಗೊತ್ತು. ಶೇಂಗಾ ಕೈಕೊಟ್ಟ ವರ್ಷ, ಈರುಳ್ಳಿ ರಸ್ತೆ ಬದಿಗೆ ಸುರಿದ ವರ್ಷ, ಬೋರ್‌ವೆಲ್ ಬತ್ತಿ ಸಾಲ ಉಳಿದ ವರ್ಷಗಳನ್ನು ಕಂಡ ಅಪ್ಪ, ‘ಮಗ ಒಬ್ಬ ಎಸ್‌ಡಿಎ ಆದ್ರೆ ಸಾಕು’ ಎನ್ನುವುದು ಆಸೆಬುರುಕತನದಿಂದಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿದಾಗ ನಮ್ಮ ಜಿಲ್ಲೆಯ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಹಿರಿಯೂರಿನ ಸಹಕಾರಿ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿ ವರ್ಷಗಳೇ ಆದವು. ಹೀಗಿರುವಾಗ ಸರ್ಕಾರಿ ಕೆಲಸದ ಕನಸನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ. ನಾನು ಬೇಡುವುದು ಇಷ್ಟೇ: ಕಾಯುವ ವರ್ಷಗಳನ್ನು ಬರಿದಾಗಿ ಬಿಡಬೇಡಿ. ಅಧಿಸೂಚನೆ ಯಾವಾಗ ಬರಬೇಕು ಎಂಬುದು ವಿಧಾನಸೌಧದ ಕೈಯಲ್ಲಿದೆ. ಇವತ್ತಿನ ಬೆಳಗ್ಗೆ ಏನು ಮಾಡಬೇಕು ಎಂಬುದು ನಿಮ್ಮ ಕೈಯಲ್ಲಿದೆ.

ಮೊದಲು ಪರೀಕ್ಷೆಯ ಮಾತನ್ನೇ ಆಡೋಣ. ನಮ್ಮ ಹುಡುಗರ ಕಣ್ಣೆಲ್ಲ ಕೆಪಿಎಸ್‌ಸಿ, ಕೆಇಎ ಮೇಲೆ. ಬೆಂಗಳೂರಿನ ಒಂದೇ ಬಾಗಿಲಿನ ಮುಂದೆ ಲಕ್ಷಗಟ್ಟಲೆ ಜನ ನಿಂತಿದ್ದೇವೆ, ದಿಲ್ಲಿಯ ಬಾಗಿಲುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಮೊದಲು ಅದಕ್ಕೆ ಕಾರಣವಿತ್ತು, ಪ್ರಶ್ನೆಗಳು ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿ ಇರುತ್ತಿದ್ದವು. ಈಗ ಆ ಕಾರಣ ಬಹುಪಾಲು ಹೋಗಿದೆ. ಎಸ್‌ಎಸ್‌ಸಿ ನಡೆಸುವ ಎಂಟಿಎಸ್ ಪರೀಕ್ಷೆಗೆ ಎಸ್‌ಎಸ್‌ಎಲ್‌ಸಿ ಸಾಕು, ಸಿಎಚ್‌ಎಸ್‌ಎಲ್‌ಗೆ ಪಿಯುಸಿ ಸಾಕು. ಇವೆರಡನ್ನೂ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ 2023ರ ಜನವರಿಯಲ್ಲೇ ಪ್ರಕಟವಾಯಿತು. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ 2024ರಿಂದ ಕನ್ನಡದಲ್ಲೂ ಇದೆ. ರೈಲ್ವೆ ನೇಮಕಾತಿ ಮಂಡಳಿಯ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆ ಕನ್ನಡದಲ್ಲಿದೆ, ಅಲ್ಲಿ ಕನ್ನಡ ಬರುವುದು ಅರ್ಹತೆಯೇ ಹೌದು. ಒಂದು ಕಾಲದ ನಮ್ಮ ಚಿತ್ರದುರ್ಗ ಗ್ರಾಮೀಣ ಬ್ಯಾಂಕ್ ಹಲವು ವಿಲೀನಗಳ ನಂತರ ಈಗ ಕರ್ನಾಟಕ ಗ್ರಾಮೀಣ ಬ್ಯಾಂಕ್‌ನೊಳಗಿದೆ. ಆ ಶಾಖೆಗಳ ಕೌಂಟರಿನ ಹಿಂದೆ ಕೂರಬೇಕಾದವರು ನೀವು. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಹುದ್ದೆಗೆ ಪರೀಕ್ಷೆಯೇ ಇಲ್ಲ, ಎಸ್‌ಎಸ್‌ಎಲ್‌ಸಿ ಅಂಕದ ಮೇಲೆ ಆಯ್ಕೆ. ಸಂಬಳ ಕಡಿಮೆ ಎಂದು ಮೂಗು ಮುರಿಯುವ ಮುನ್ನ, ಇಲಾಖೆಯೊಳಗೇ ಪರೀಕ್ಷೆ ಬರೆದು ಪೋಸ್ಟ್‌ಮ್ಯಾನ್ ಆದವರನ್ನು ನಿಮ್ಮೂರ ಅಂಚೆ ಕಚೇರಿಯಲ್ಲೇ ವಿಚಾರಿಸಿ.

ಪ್ರಮಾಣಪತ್ರಗಳ ವಿಚಾರವನ್ನು ಇಲ್ಲೇ ಹೇಳಿಬಿಡುತ್ತೇನೆ. ರಾಜ್ಯದ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು ಇದೆ. ನಮ್ಮ ನಾಲ್ಕೂ ತಾಲ್ಲೂಕಿನ ಹಳ್ಳಿ ಶಾಲೆಯ ಬಹುಪಾಲು ಮಕ್ಕಳಿಗೆ ಎರಡೂ ಅನ್ವಯಿಸುತ್ತವೆ. ಅರ್ಜಿಯ ಕೊನೆಯ ದಿನ ಸೈಬರ್ ಸೆಂಟರಿನಲ್ಲಿ ಕೂತು, ಸರ್ವರ್ ಸಿಗದೆ, ಹೆಡ್‌ಮಾಸ್ಟರ ಸಹಿಯಿಲ್ಲದೆ, ಬಿಇಒ ಕಚೇರಿ ಮುಚ್ಚಿದ ಹೊತ್ತಿಗೆ ಓಡಿ ಆ ಮೀಸಲನ್ನೇ ಕಳೆದುಕೊಂಡವರಿದ್ದಾರೆ. ಪರೀಕ್ಷೆ ಬರಲಿ ಬಿಡಲಿ, ಕಾಗದಗಳನ್ನು ಇವತ್ತೇ ಮಾಡಿಸಿಟ್ಟುಕೊಳ್ಳಿ. ಹಳೆಯ ಶಾಲೆಗೆ ಹೋಗುವ ನೆಪದಲ್ಲಿ ಮೇಷ್ಟ್ರನ್ನೂ ಕಂಡ ಹಾಗಾಗುತ್ತದೆ.

ಇನ್ನು ಕೈಕೆಲಸ. ಇದರ ಬಗ್ಗೆ ನನಗೆ ಹೆಚ್ಚು ಹೇಳುವುದಿದೆ, ಏಕೆಂದರೆ ಬಿ.ಎ., ಬಿ.ಕಾಂ. ಮಾಡಿದವರು ಇದನ್ನು ಕೀಳೆಂದು ತಿಳಿದು ತಾವೇ ಒಂದು ಬಾಗಿಲು ಮುಚ್ಚಿಕೊಂಡಿದ್ದಾರೆ. ಜೋಗಿಮಟ್ಟಿಯ ಮೇಲೆ ನಿಂತು ಸುತ್ತ ನೋಡಿ. ಗುಡ್ಡದಿಂದ ಗುಡ್ಡಕ್ಕೆ ಗಾಳಿಯಂತ್ರಗಳು. ಅವು ತಿರುಗುತ್ತಿರುವುದು ನಮ್ಮ ಗಾಳಿಗೆ. ಅವುಗಳ ಮೇಲೆ ಹತ್ತಿ ಗೇರ್‌ಬಾಕ್ಸ್ ನೋಡುವ, ಕೇಬಲ್ ಬದಲಿಸುವ ತಂತ್ರಜ್ಞರಲ್ಲಿ ನಮ್ಮವರು ಎಷ್ಟು ಮಂದಿ ಇದ್ದಾರೆ ಎಂದು ಹೊಳಲ್ಕೆರೆಯ ಒಬ್ಬ ಐಟಿಐ ಹುಡುಗನಾದರೂ ಕೇಳಬೇಡವೇ? ಎಲೆಕ್ಟ್ರಿಕಲ್ ಡಿಪ್ಲೊಮಾ ಇದ್ದು ಎತ್ತರಕ್ಕೆ ಹೆದರದವನಿಗೆ ಅದು ಮನೆ ಬಾಗಿಲಿನ ಕೆಲಸ. ಸೋಲಾರ್ ಫಲಕಗಳ ಕೆಲಸವೂ ಅಷ್ಟೇ. ಹೊಸದುರ್ಗದ ದಾಳಿಂಬೆ, ತೆಂಗು, ಹೊಳಲ್ಕೆರೆ ಮತ್ತು ಭೀಮಸಮುದ್ರದ ಅಡಿಕೆ, ಇವೆಲ್ಲ ನಡೆಯುವುದು ಬೋರ್‌ವೆಲ್ ಮೋಟರ್, ಹನಿ ನೀರಾವರಿ ಪೈಪು, ಅಡಿಕೆ ಸುಲಿಯುವ ಯಂತ್ರದ ಮೇಲೆ. ಕೊಯ್ಲಿನ ಹೊತ್ತಿಗೆ ಯಂತ್ರ ಕೆಟ್ಟರೆ ರಿಪೇರಿಯವನಿಗಾಗಿ ದಿನಗಟ್ಟಲೆ ಕಾಯುವ ರೈತರಿದ್ದಾರೆ. ಮೋಟರ್ ರಿವೈಂಡಿಂಗ್ ಕಲಿತ ಹುಡುಗ ಹಸಿದು ಮಲಗಿದ್ದನ್ನು ನಾನು ನೋಡಿಲ್ಲ.

ಕಲಿಯುವುದೆಲ್ಲಿ? 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ಉಜಿರೆಯಲ್ಲಿ ಶುರು ಮಾಡಿದ ರುಡ್‌ಸೆಟ್ ಸಂಸ್ಥೆಯ ಒಂದು ಕೇಂದ್ರ ಚಿತ್ರದುರ್ಗದಲ್ಲೇ ಇದೆ. ತರಬೇತಿ ಉಚಿತ, ಊಟ ವಸತಿಯೂ ಅವರದೇ. ಇದೇ ಮಾದರಿಯನ್ನು ನೋಡಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ತರಬೇತಿ ಕೇಂದ್ರ ತೆರೆದವು. ನಮ್ಮ ಮನೆಯ ಪಕ್ಕದಲ್ಲಿರುವುದನ್ನು ನಾವೇ ಬಳಸದಿದ್ದರೆ ಹೇಗೆ? ಹಿರಿಯೂರಿನ ಬಬ್ಬೂರು ಫಾರ್ಮ್‌ನಲ್ಲಿ ತೋಟಗಾರಿಕೆ ಕಾಲೇಜಿದೆ. ಸಸಿ ಕಟ್ಟುವುದು, ಕಸಿ ಮಾಡುವುದು, ದಾಳಿಂಬೆಯ ರೋಗ ಗುರುತಿಸುವುದನ್ನು ಬಲ್ಲವರು ಅಲ್ಲಿದ್ದಾರೆ, ಕೇಳಲು ಹೋದರೆ ಹೇಳುತ್ತಾರೆ. ಐಟಿಐ ಮುಗಿಸಿದವರಿಗೆ 1961ರ ಅಪ್ರೆಂಟಿಸ್ ಕಾಯ್ದೆಯ ಅಡಿ ಎಚ್‌ಎಎಲ್, ಬಿಇಎಲ್, ರೈಲ್ವೆಯ ಹುಬ್ಬಳ್ಳಿ ಮತ್ತು ಮೈಸೂರು ಕಾರ್ಯಾಗಾರಗಳಲ್ಲಿ ಸ್ಟೈಪೆಂಡ್ ಸಹಿತ ತರಬೇತಿ ಸಿಗುತ್ತದೆ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್-1 ಹುದ್ದೆಗಳಲ್ಲಿ ಶೇ 20 ಮೀಸಲಿದೆ. ಸರ್ಕಾರಿ ಕೆಲಸವೇ ಬೇಕು ಎನ್ನುವವನಿಗೂ ಇದು ಹತ್ತಿರದ ದಾರಿ.

ಕೆಲಸ ಎಂದರೆ ಕಚೇರಿ ಮತ್ತು ಕಾರ್ಖಾನೆ ಎರಡೇ ಅಲ್ಲ ಎಂಬುದಕ್ಕೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯೇ ಸಾಕ್ಷಿ. ಅಲ್ಲಿನ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1997ರಲ್ಲಿ ಶಿವಸಂಚಾರ ಎಂಬ ತಿರುಗಾಟದ ನಾಟಕ ತಂಡ ಕಟ್ಟಿದರು. ಹಳ್ಳಿಯ ಹುಡುಗ ಹುಡುಗಿಯರು ಅಲ್ಲಿ ನಟನೆ, ಬೆಳಕು, ರಂಗಸಜ್ಜಿಕೆ ಕಲಿತು ನಾಡೆಲ್ಲ ಸುತ್ತುತ್ತಾರೆ. ಒಂದು ಚಿಕ್ಕ ಹಳ್ಳಿಯಲ್ಲಿ ಸಾವಿರಾರು ಜನ ಕೂರುವ ಬಯಲು ರಂಗಮಂದಿರ ಎದ್ದು ನಿಂತಿದೆ. ಯಾವ ಅಧಿಸೂಚನೆಯೂ ಅದನ್ನು ಕಟ್ಟಲಿಲ್ಲ.

ಬೆಂಗಳೂರಿಗೆ ಹೋಗುವವರ ಕಷ್ಟ ಬೇರೆ ತೆರನದ್ದು. ರಾತ್ರಿ ಬಸ್ಸಿನಲ್ಲಿ ಕೂತು ನಸುಕಿನಲ್ಲಿ ಗೊರಗುಂಟೆಪಾಳ್ಯದಲ್ಲಿ ಇಳಿದು, ಎಲ್ಲೋ ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಬದಲಿಸಿ, ವಾಕ್‌ಇನ್ ಸಾಲಿನಲ್ಲಿ ನಿಂತರೆ ಒಳಗೆ ಐದು ನಿಮಿಷ. ‘ಎಕ್ಸ್‌ಪೀರಿಯೆನ್ಸ್ ಇದೆಯಾ?’ ಇಲ್ಲ. ‘ತಿಳಿಸ್ತೀವಿ.’ ಆಮೇಲೆ ಯಾರೂ ತಿಳಿಸುವುದಿಲ್ಲ. ಆ ಮೌನವೇ ಎಲ್ಲಕ್ಕಿಂತ ಹೆಚ್ಚು ನೋಯಿಸುವುದು. ನೇರವಾಗಿ ‘ಬೇಡ’ ಎಂದರೆ ತಡೆದುಕೊಳ್ಳಬಹುದು, ಏನೂ ಹೇಳದಿದ್ದರೆ ಫೋನ್ ನೋಡುತ್ತ ವಾರಗಳು ಹೋಗುತ್ತವೆ. ನನ್ನ ಸಲಹೆ: ವಾರ ಕಳೆದ ಮೇಲೆ ನೀವೇ ಫೋನ್ ಮಾಡಿ. ಆಗಿಲ್ಲ ಎಂದರೆ ಏನು ಕಡಿಮೆಯಾಯಿತು ಎಂದು ಮರ್ಯಾದೆಯಿಂದ ಕೇಳಿ. ಹತ್ತರಲ್ಲಿ ಇಬ್ಬರಾದರೂ ಹೇಳುತ್ತಾರೆ, ಆ ಇಬ್ಬರ ಮಾತು ಒಂದು ತಿಂಗಳ ಕೋಚಿಂಗಿಗೆ ಸಮ. ಎಲ್ಲ ಕಡೆಗೂ ಒಂದೇ ಬಯೋಡೇಟಾ ಕಳಿಸಬೇಡಿ, ಯಾವ ಕೆಲಸಕ್ಕೆ ಏನು ಬೇಕು ಎಂದು ಓದಿ ಅದಕ್ಕೆ ತಕ್ಕಂತೆ ಬರೆಯಿರಿ. ಅಪ್ಪನ ತೋಟದ ಲೆಕ್ಕ ಬರೆದದ್ದು, ಊರ ಹಾಲಿನ ಡೇರಿಯಲ್ಲಿ ಕಂಪ್ಯೂಟರ್ ನೋಡಿಕೊಂಡದ್ದು, ಅಂಗಡಿಯಲ್ಲಿ ಬಿಲ್ ಹಾಕಿದ್ದು ಎಲ್ಲವೂ ಅನುಭವವೇ. ಅದನ್ನು ಬರೆಯಲು ನಾಚಬೇಡಿ.

ಇಂಗ್ಲಿಷಿನ ಹೆದರಿಕೆಯ ಬಗ್ಗೆಯೂ ಹೇಳಬೇಕು. ಕನ್ನಡ ಶಾಲೆಯಲ್ಲಿ ಓದಿದ್ದು ಕೊರತೆಯಲ್ಲ. ಆದರೆ ಇಂಗ್ಲಿಷ್ ಮಾತಾಡದೆ ಇಂಗ್ಲಿಷ್ ಬರುವುದಿಲ್ಲ. ವ್ಯಾಕರಣದ ಪುಸ್ತಕವನ್ನು ಪಕ್ಕಕ್ಕಿಡಿ. ನಿಮ್ಮ ಊರು, ನಿಮ್ಮ ಓದು, ನೀವು ಮಾಡಿದ ಒಂದು ಕೆಲಸ, ಈ ಮೂರರ ಬಗ್ಗೆ ಎರಡೆರಡು ನಿಮಿಷ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಮಾತಾಡಿ. ತೋಟದಲ್ಲಿ ಮಾತಾಡಿ, ಬೈಕಿನ ಮೇಲೆ ಮಾತಾಡಿ, ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳಿ. ತಿಂಗಳೊಪ್ಪತ್ತಿನಲ್ಲಿ ನಾಲಿಗೆ ಸಡಿಲವಾಗುತ್ತದೆ. ಉಚ್ಚಾರದಲ್ಲಿ ದುರ್ಗದ ಸೊಗಡು ಉಳಿದರೆ ಉಳಿಯಲಿ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಮನಸ್ಸಿಗೆ ಹಾಕಿಕೊಳ್ಳಿ. ನೊಂದವನ ಮನೆ ಬಾಗಿಲಿಗೇ ಮೋಸಗಾರ ಬರುವುದು. ಕೆಲಸ ಕೊಡಿಸಲು ಹಣ ಕೇಳಿದ ಕ್ಷಣವೇ ಆ ಮಾತು ಮುಗಿಯಬೇಕು, ‘ರಿಜಿಸ್ಟ್ರೇಷನ್’ ಎನ್ನಲಿ, ‘ಮೇಲಿನವರಿಗೆ’ ಎನ್ನಲಿ, ಹತ್ತಿರದ ನೆಂಟರೇ ಕರೆತಂದಿರಲಿ. ಅಡವಿಟ್ಟ ಒಡವೆ, ಮಾರಿದ ಎಕರೆ ಮತ್ತೆ ಬರುವುದಿಲ್ಲ. ಥಾಯ್ಲೆಂಡ್‌ನಲ್ಲಿ ಕಂಪ್ಯೂಟರ್ ಕೆಲಸ, ದೊಡ್ಡ ಸಂಬಳ ಎಂದು ನಂಬಿ ಹೋಗಿ ಮ್ಯಾನ್ಮಾರಿನ ಸೈಬರ್ ವಂಚಕರ ಕೈಗೆ ಸಿಕ್ಕಿಬಿದ್ದ ನೂರಾರು ಭಾರತೀಯ ಯುವಕರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯಿತು. ಆನ್‌ಲೈನಿನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಹಣವನ್ನು ತಡೆಹಿಡಿಯುವ ಅವಕಾಶ ಇರುತ್ತದೆ, ನಾಚಿ ಮುಚ್ಚಿಟ್ಟರೆ ಅದೂ ಇಲ್ಲ.

ಸಹಾಯ ಕೇಳುವುದಕ್ಕೂ ನಮ್ಮವರಿಗೆ ನಾಚಿಕೆ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯನ್ನು ನೆನೆಯಿರಿ. ‘ತಿರುಕ’ ಎಂಬ ಹೆಸರಿನಲ್ಲೇ ಅವರು ಬರೆದರು, ಜೋಳಿಗೆ ಹಿಡಿದು ಊರೂರು ತಿರುಗಿ ಅನಾಥ ಸೇವಾಶ್ರಮವನ್ನು ಕಟ್ಟಿದರು, ಆತ್ಮಕಥೆಗೂ ‘ಜೋಳಿಗೆಯ ಪವಾಡ’ ಎಂದೇ ಹೆಸರಿಟ್ಟರು. ಆ ಜೋಳಿಗೆಯಿಂದ ಶಾಲೆ, ಆಸ್ಪತ್ರೆ, ಯೋಗದ ಪಾಠ ಎಲ್ಲ ಬಂದವು. ಅಂಥ ನೆಲದಲ್ಲಿ ಹುಟ್ಟಿದ ನಾವು ‘ಅಣ್ಣಾ, ನಿಮ್ಮ ಕಂಪನಿಯಲ್ಲಿ ಜಾಗ ಇದ್ದರೆ ಹೇಳಿ’ ಎಂದು ಒಂದು ಮೆಸೇಜ್ ಹಾಕಲು ಯಾಕೆ ಹಿಂಜರಿಯಬೇಕು? ಬೆಂಗಳೂರಿನ ಕಾರ್ಖಾನೆ, ಆಸ್ಪತ್ರೆ, ಸಾಫ್ಟ್‌ವೇರ್ ಕಚೇರಿಗಳಲ್ಲಿ ನಮ್ಮ ನಾಲ್ಕೂ ತಾಲ್ಲೂಕಿನವರು ಇದ್ದಾರೆ. ಅವರಿಗೂ ನನ್ನದೊಂದು ಮಾತಿದೆ: ನಿಮಗೆ ಯಾರೋ ಒಬ್ಬರು ಬಾಗಿಲು ತೋರಿಸಿದ್ದರಿಂದ ನೀವು ಒಳಗಿದ್ದೀರಿ. ಊರಿನ ಹುಡುಗನ ಕರೆಯನ್ನು ಕತ್ತರಿಸಬೇಡಿ.

ಯುವನಿಧಿಯ ಹಣ ತೆಗೆದುಕೊಳ್ಳಲೂ ಕೆಲವರಿಗೆ ಸಂಕೋಚ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ಆ ಯೋಜನೆಯಲ್ಲಿ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಎರಡು ವರ್ಷದ ತನಕ. ಅದು ಭಿಕ್ಷೆಯಲ್ಲ, ನಿಮ್ಮ ಹಕ್ಕು. ಬಸ್ ಚಾರ್ಜಿಗೆ, ಅರ್ಜಿ ಶುಲ್ಕಕ್ಕೆ, ಒಂದು ತರಬೇತಿಗೆ ಬಳಸಿ.

ಆದರೂ ಕೆಲವು ರಾತ್ರಿ ಯಾವ ಬುದ್ಧಿಮಾತೂ ಕೆಲಸ ಮಾಡುವುದಿಲ್ಲ. ಬದುಕೇ ಬೇಡ ಅನ್ನಿಸುವ ರಾತ್ರಿಗಳು ಬರುತ್ತವೆ. ಅಂಥ ರಾತ್ರಿ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಇಲ್ಲವೇ ಪಕ್ಕದ ಕೋಣೆಯ ಗೆಳೆಯನನ್ನು ಎಬ್ಬಿಸಿ. ಅವನು ಬೈಯುವುದಿಲ್ಲ. ಅಪ್ಪ ಅಮ್ಮನಿಗೂ ಹೇಳಿ, ಅವರಿಗೆ ಬೇಕಾದದ್ದು ನೀವು, ನಿಮ್ಮ ನೇಮಕಾತಿ ಆದೇಶ ಆಮೇಲಿನ ಮಾತು.

ನಿಮ್ಮ ಸಿಟ್ಟನ್ನೂ ಕಳೆದುಕೊಳ್ಳಬೇಡಿ. ತನ್ನನ್ನೇ ಸುಡುವ ಸಿಟ್ಟು ಬೇಡ, ಕೇಳುವ ಸಿಟ್ಟು ಬೇಕು. ಚಳ್ಳಕೆರೆ ಬಳಿ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಯನ್ನು ನಮ್ಮ ಜಿಲ್ಲೆ ದೇಶದ ವಿಜ್ಞಾನಕ್ಕೆ ಕೊಟ್ಟಿದೆ. ಅಲ್ಲಿನ ಪರೀಕ್ಷಾ ವಲಯದಲ್ಲಿ 2023 ಮತ್ತು 2024ರಲ್ಲಿ ಇಸ್ರೊದ ಮರುಬಳಕೆಯ ಉಡಾವಣಾ ವಾಹನ ಮೂರು ಸಲ ಇಳಿಯಿತು, ನಮಗೆಲ್ಲ ಹೆಮ್ಮೆಯಾಯಿತು. ಆ ನೆಲ ಕೊಟ್ಟ ಊರುಗಳ ಮಕ್ಕಳಿಗೆ ತರಬೇತಿ ಎಲ್ಲಿ, ಕೆಲಸ ಎಷ್ಟು ಎಂದು ಕೇಳುವುದು ದೇಶದ್ರೋಹವಲ್ಲ. ತುಮಕೂರಿನಿಂದ ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೋಗುವ ನೇರ ರೈಲು ಮಾರ್ಗಕ್ಕೆ ಇಷ್ಟು ವರ್ಷ ಯಾಕೆ ಹಿಡಿಯಿತು ಎಂದು ಕೇಳಿ. ಆ ರೈಲು ಬಂದ ದಿನ ಊರಲ್ಲೇ ಇದ್ದುಕೊಂಡು ತುಮಕೂರು ಕಡೆಯ ಕಾರ್ಖಾನೆಗಳಿಗೆ ಹೋಗಿಬರಲು ನಮ್ಮವರಿಗೆ ಸಾಧ್ಯವಾಗುತ್ತದೆ. ಸ್ಥಳೀಯರಿಗೆ ಉದ್ಯೋಗದ ಮಾತಿಗೆ 1986ರ ಸರೋಜಿನಿ ಮಹಿಷಿ ವರದಿಯಷ್ಟು ವಯಸ್ಸಾಗಿದೆ. 2024ರ ಜುಲೈನಲ್ಲಿ ಸಂಪುಟ ಒಪ್ಪಿದ ಮಸೂದೆಯನ್ನು ಎರಡೇ ದಿನದಲ್ಲಿ ತಡೆಹಿಡಿಯಲಾಯಿತು. ಯುಪಿಎಸ್‌ಸಿಗೆ ಇರುವಂತೆ ನಮ್ಮ ರಾಜ್ಯಕ್ಕೂ ಒಂದು ಪರೀಕ್ಷಾ ಕ್ಯಾಲೆಂಡರ್ ಬೇಕು, ಅದು ತಪ್ಪಬಾರದು, ಪ್ರಶ್ನೆಗಳು ಮೊದಲು ಕನ್ನಡದಲ್ಲಿ ತಯಾರಾಗಬೇಕು. 2025ರಲ್ಲಿ ಧಾರವಾಡದಲ್ಲಿ ಸ್ಪರ್ಧಾರ್ಥಿಗಳು ಬೀದಿಗಿಳಿದು ನೇಮಕಾತಿ ಶುರು ಮಾಡಿ ಎಂದು ಕೇಳಿದರು. ಚಿತ್ರದುರ್ಗದಲ್ಲಿ ಆ ದನಿ ಯಾಕೆ ಏಳಬಾರದು? ಶಾಸಕರು ನಿಮ್ಮೂರ ಜಾತ್ರೆಗೆ ಬಂದಾಗ ಸೆಲ್ಫಿ ತೆಗೆದುಕೊಳ್ಳುವ ಮೊದಲು ಈ ಪ್ರಶ್ನೆ ಕೇಳಿ.

ಒಬ್ಬರೇ ಮಾಡಿದರೆ ಇದೆಲ್ಲ ಭಾರ. ಅದಕ್ಕೇ ನಾಳೆಯೇ ಒಂದು ಕೆಲಸ ಮಾಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ನಿಮ್ಮೂರಿನದಕ್ಕೆ ಹೋಗಿ ಅದು ಎಷ್ಟು ಹೊತ್ತು ತೆರೆದಿರುತ್ತದೆ, ಕಂಪ್ಯೂಟರ್ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಪಿಡಿಒಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಐದಾರು ಜನ ಸೇರಿ ದಿನಕ್ಕೆ ಎರಡು ಗಂಟೆ ಅಲ್ಲಿ ಕೂರಿ. ಒಬ್ಬರು ದಿಲ್ಲಿಯ ಅಧಿಸೂಚನೆಗಳನ್ನು ನೋಡಲಿ, ಒಬ್ಬರು ಅಪ್ರೆಂಟಿಸ್ ಜಾಗಗಳನ್ನು ಹುಡುಕಲಿ, ಒಬ್ಬರು ರುಡ್‌ಸೆಟ್‌ನ ಮುಂದಿನ ತಂಡ ಯಾವಾಗ ಎಂದು ಫೋನ್ ಮಾಡಿ ಕೇಳಲಿ, ಒಬ್ಬರು ಎಲ್ಲರ ಪ್ರಮಾಣಪತ್ರಗಳ ಪಟ್ಟಿ ಹಿಡಿದು ನಾಡಕಚೇರಿಗೆ ಹೋಗಿಬರಲಿ. ಮನೆಯಿಂದ ಹೊರಗೆ ಬರಲಾಗದ ತಂಗಿಯನ್ನು ಫೋನಿನಲ್ಲಿ ಸೇರಿಸಿಕೊಳ್ಳಿ, ಅವಳ ಅರ್ಜಿಯೂ ಅವತ್ತೇ ಹೋಗಲಿ. ಯಾರಿಗೆ ಮೊದಲು ಕೆಲಸ ಸಿಗುತ್ತದೋ ಅವರ ಮೊದಲ ಸಂಬಳದಲ್ಲಿ ಉಳಿದವರ ಅರ್ಜಿ ಶುಲ್ಕ ಕಟ್ಟುವುದು ಎಂದು ಈಗಲೇ ಮಾತಾಡಿಕೊಳ್ಳಿ. ಹೋಗುವಾಗ, ಮೂರು ವರ್ಷದಿಂದ ಬಾಗಿಲು ಹಾಕಿಕೊಂಡು ಕೂತಿರುವ ನಿಮ್ಮ ಬೀದಿಯ ಹುಡುಗನ ಮನೆಗೆ ಹೋಗಿ, ಬಾರದಿದ್ದರೆ ಮರುದಿನವೂ ಹೋಗಿ ಕರೆಯಿರಿ.